ಸೆರ್ಜಿಯೊ ವಿಯೆರಾ ಡಿ ಮೆಲ್ಲೊ

ಸೆರ್ಜಿಯೊ ವಿಯೆರಾ ಡಿ ಮೆಲ್ಲೊ (15 ಮಾರ್ಚ್ 1948 – 19 ಆಗಸ್ಟ್ 2003) ವಿಶ್ವಸಂಸ್ಥೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದ ಬ್ರೆಜಿಲ್ ದೇಶದ ರಾಜತಾಂತ್ರಿಕರು. ಶಾಂತಿಪಾಲನಾ ಕಾರ್ಯಾಚರಣೆಗಳಲ್ಲಿ ದುಡಿದು, ಮಾನವ ಹಕ್ಕುಗಳ ಹೈಕಮಿಷನರ್ ಹುದ್ದೆಗೇರಿದರು.

ಆರಂಭಿಕ ಜೀವನ

ರಿಯೊ ಡಿ ಜನೈರೊದಲ್ಲಿ ರಾಜತಾಂತ್ರಿಕರೊಬ್ಬರ ಮಗನಾಗಿ ಜನಿಸಿದ ಇವರು ಪ್ಯಾರಿಸ್‌ನಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸಿದರು. 1968ರ ವಿದ್ಯಾರ್ಥಿ ಚಳವಳಿಯಲ್ಲಿ ಪಾಲ್ಗೊಂಡರು. 1969ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯನ್ನು ಸೇರಿದರು.

ಶಾಂತಿಪಾಲನೆ ಮತ್ತು ಮಾನವ ಹಕ್ಕುಗಳು

1981ರಿಂದ 1983ರವರೆಗೆ ಲೆಬನಾನ್‌ನ ಶಾಂತಿಪಾಲನಾ ಪಡೆಯ ರಾಜಕೀಯ ಸಲಹೆಗಾರರಾಗಿದ್ದರು. 1990ರ ದಶಕದ ಆರಂಭದಲ್ಲಿ ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿದ್ದ 3,60,000ಕ್ಕೂ ಹೆಚ್ಚು ಕಾಂಬೋಡಿಯನ್ನರನ್ನು ಸ್ವದೇಶಕ್ಕೆ ಮರಳಿಸುವ ಹೊಣೆ ಹೊತ್ತರು. ಇದಕ್ಕಾಗಿ ನರಮೇಧ ನಡೆಸಿದ್ದ ಖ್ಮೇರ್ ರೂಜ್ ನಾಯಕರೊಂದಿಗೂ ಮಾತುಕತೆ ನಡೆಸಿದರು. ಇಂಥವರೊಡನೆ ಸಂಧಾನ ಮಾಡುವುದು ಸರಿಯೇ ಎಂಬ ಆಕ್ಷೇಪ ಅಲ್ಲಿಯೂ, ಬಳಿಕ ಬೋಸ್ನಿಯಾದಲ್ಲಿಯೂ ಎದುರಾಯಿತು.

1999ರ ನವೆಂಬರ್‌ನಲ್ಲಿ ಪೂರ್ವ ಟಿಮೋರ್‌ನ ಆಡಳಿತಾಧಿಕಾರಿಯಾದರು. ಶಾಸನ ಹಾಗೂ ಕಾರ್ಯಾಂಗದ ಅಧಿಕಾರಗಳೆರಡೂ ಇವರ ಕೈಯಲ್ಲಿದ್ದವು. 1999ರ ಹಿಂಸಾಚಾರದ ವಿಚಾರಣೆಗೆ ಸ್ಥಳೀಯ ಹಾಗೂ ವಿದೇಶಿ ನ್ಯಾಯಾಧೀಶರ ವಿಶೇಷ ಪೀಠಗಳು 2000ದಲ್ಲಿ ಸ್ಥಾಪನೆಯಾದವು. ಆದರೆ ಆರೋಪಿಗಳಲ್ಲಿ ಹೆಚ್ಚಿನವರು ಇಂಡೊನೇಷ್ಯಾದಲ್ಲಿಯೇ ಉಳಿದುದರಿಂದ ನ್ಯಾಯದಾನ ಅಪೂರ್ಣವಾಯಿತು. 2002ರ ಮೇ 20ರಂದು ದೇಶವು ಸ್ವತಂತ್ರವಾಗಿ, ಅಧಿಕಾರವು ಚುನಾಯಿತ ಸರ್ಕಾರಕ್ಕೆ ಹಸ್ತಾಂತರಗೊಂಡಿತು.

ನಿಧನ

2002ರ ಸೆಪ್ಟೆಂಬರ್‌ನಲ್ಲಿ ಮಾನವ ಹಕ್ಕುಗಳ ಹೈಕಮಿಷನರ್ ಆದ ಇವರನ್ನು ಮರುವರ್ಷ ನಾಲ್ಕು ತಿಂಗಳ ಅವಧಿಗೆ ಇರಾಕ್‌ಗೆ ವಿಶೇಷ ಪ್ರತಿನಿಧಿಯಾಗಿ ಕಳುಹಿಸಲಾಯಿತು. 2003ರ ಆಗಸ್ಟ್ 19ರಂದು ಬಾಗ್ದಾದ್‌ನ ಕೆನಾಲ್ ಹೋಟೆಲ್ ಮೇಲೆ ನಡೆದ ಟ್ರಕ್ ಬಾಂಬ್ ದಾಳಿಯಲ್ಲಿ ಇವರೂ ಸೇರಿ 22 ಮಂದಿ ಮೃತಪಟ್ಟರು. ಅವಶೇಷಗಳಡಿ ಸಿಲುಕಿ ಗಂಟೆಗಳ ಕಾಲ ಜೀವಂತವಾಗಿದ್ದರೂ ಇವರನ್ನು ಉಳಿಸಲಾಗಲಿಲ್ಲ. ಇವರ ಸಮಾಧಿ ಜಿನೀವಾದಲ್ಲಿದೆ. ವಿಶ್ವಸಂಸ್ಥೆಯ ಮಹಾಸಭೆಯು 2008ರಲ್ಲಿ ಆಗಸ್ಟ್ 19ನ್ನು ವಿಶ್ವ ಮಾನವೀಯ ದಿನವೆಂದು ಘೋಷಿಸಿತು.