ತನ್ನ ವೇಗವನ್ನೇ ಅಳೆಯಹೊರಟವನು

ಬೆಂಗಳೂರಿನ ವೃತ್ತಗಳಲ್ಲಿ ಕಂಬದ ಮೇಲಿಂದ ಇಣುಕುವ ಕ್ಯಾಮೆರಾಗಳಿಗೆ ಶಾಪ ಹಾಕದ ವಾಹನ ಸವಾರ ನನಗಂತೂ ಇದುವರೆಗೆ ಸಿಕ್ಕಿಲ್ಲ. ಆ ಶಾಪಗಳಲ್ಲಿ ಒಂದು ಪಾಲಾದರೂ ನ್ಯಾಯವಾಗಿ ಸಲ್ಲಬೇಕಾದದ್ದು ಡಚ್ ರ್‍ಯಾಲಿ ಚಾಲಕ ಮೌಸ್ ಗಾಟ್ಸೊನಿಡೀಸ್‌ಗೆ. ಬ್ರಿಟನ್ನಿನಲ್ಲಿ ವೇಗ ಪತ್ತೆಹಚ್ಚುವ ಕ್ಯಾಮೆರಾವನ್ನು ಜನ ಇವತ್ತಿಗೂ 'ಗಾಟ್ಸೊ' ಎಂದೇ ಕರೆಯುತ್ತಾರೆ. ಅದು ಮನುಷ್ಯನೊಬ್ಬನ ಹೆಸರು ಎಂಬುದು ಅಲ್ಲಿಯೂ ಎಲ್ಲರಿಗೂ ತಿಳಿದಿರಲಾರದು.

ಆತ ಹುಟ್ಟಿದ್ದು 1911ರ ಫೆಬ್ರುವರಿಯಲ್ಲಿ, ಆಗ ಡಚ್ಚರ ವಸಾಹತಾಗಿದ್ದ ಜಾವಾ ದ್ವೀಪದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ನೆದರ್ಲೆಂಡ್ಸ್‌ನ ಹೇಮ್‌ಸ್ಟೇಡ್ ಎಂಬ ಊರಿನಲ್ಲಿ ತನ್ನದೇ ಹೆಸರಿನ ಕಾರುಗಳನ್ನು ಕಟ್ಟಲು ಹೊರಟ. ಮೂತಿಯ ನಡುವೆ ಮೂರನೆಯ ದೀಪ ಹೊತ್ತ, ನೋಡಿದವರು ಮರೆಯಲಾಗದ ಕಾರುಗಳವು. ಬೆರಳೆಣಿಕೆಯಷ್ಟು ತಯಾರಾಗುವಷ್ಟರಲ್ಲಿ ಉದ್ಯಮ ಕೈಕೊಟ್ಟಿತು. ಆದರೆ ರ್‍ಯಾಲಿಯ ರಸ್ತೆ ಕೈಬಿಡಲಿಲ್ಲ. 1950ರ ಮಾಂಟೆಕಾರ್ಲೊ ರ್‍ಯಾಲಿಯಲ್ಲಿ ಎರಡನೆಯವನಾದ ಆತ, 1953ರಲ್ಲಿ ಫೋರ್ಡ್ ಝೆಫಿರ್ ಕಾರಿನಲ್ಲಿ ಪೀಟರ್ ವರ್ಲೆಜ್ ಜೊತೆಗೂಡಿ ಅದನ್ನು ಗೆದ್ದೇಬಿಟ್ಟ.

ಆ ಕಾಲದ ಮಾಂಟೆಕಾರ್ಲೊ ಎಂದರೆ ಕೇವಲ ಓಟದ ಪಂದ್ಯವಲ್ಲ. ಯುರೋಪಿನ ಬೇರೆ ಬೇರೆ ನಗರಗಳಿಂದ ಚಳಿಗಾಲದ ನಡುವೆ ಹೊರಟ ಕಾರುಗಳು ಹಿಮದ ದಾರಿ ಸವೆಸಿ ಮೊನಾಕೊ ಸೇರಬೇಕು. ಕೊನೆಗೆ ಬೆಟ್ಟದ ದಾರಿಯಲ್ಲಿ ನಿಗದಿತ ವೇಗ ಕಾಯ್ದುಕೊಳ್ಳುವ ಪರೀಕ್ಷೆ ಬೇರೆ. ಅಲ್ಲಿ ತಡವಾದರೂ ತಪ್ಪು, ಬೇಗ ತಲುಪಿದರೂ ತಪ್ಪು. ಎಂಜಿನ್ನಿನಷ್ಟೇ ಗಡಿಯಾರವೂ ಮುಖ್ಯವಾದ ಆ ಕ್ರೀಡೆಯಲ್ಲಿ ಪಳಗಿದವನಿಗೆ ಒಂದು ಕೊರಗು ಕಾಡುತ್ತಿತ್ತು. ತಿರುವುಗಳಲ್ಲಿ ತಾನು ಎಷ್ಟು ವೇಗದಲ್ಲಿ ಸಾಗಿದೆ ಎಂಬುದು ನಿಖರವಾಗಿ ಗೊತ್ತಾಗದೆ ಅದನ್ನು ತಿದ್ದಿಕೊಳ್ಳುವುದಾದರೂ ಹೇಗೆ? ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ಒತ್ತುವವನ ಬೆರಳು ಕ್ಷಣಾರ್ಧ ತಡವರಿಸಿದರೂ ಲೆಕ್ಕ ತಪ್ಪುತ್ತದೆ.

ಆತ ಕಂಡುಕೊಂಡ ಉಪಾಯ ಸರಳವಾದದ್ದು. ರಸ್ತೆಗೆ ಅಡ್ಡಲಾಗಿ ಎರಡು ರಬ್ಬರ್ ಕೊಳವೆಗಳು. ಚಕ್ರ ಮೊದಲನೆಯದನ್ನು ತುಳಿದಾಗ ಗಡಿಯಾರ ಓಡತೊಡಗುತ್ತದೆ, ಎರಡನೆಯದನ್ನು ತುಳಿದಾಗ ನಿಲ್ಲುತ್ತದೆ. ನಡುವಿನ ಅಂತರ ಮೊದಲೇ ಗೊತ್ತಿರುವುದರಿಂದ ಉಳಿದದ್ದು ಶಾಲಾ ಮಕ್ಕಳ ಭಾಗಾಕಾರ. ಇನ್ನೂ ವೇಗವಾಗಿ ಓಡಿಸಲು ಹವಣಿಸಿದವನ ಸಾಧನವೇ ವೇಗಕ್ಕೆ ಮೂಗುದಾರವಾಯಿತು. 1958ರಲ್ಲಿ ಆತ 'ಗಾಟ್ಸೊಮೀಟರ್' ಸಂಸ್ಥೆ ಸ್ಥಾಪಿಸಿದ. 1960ರ ದಶಕದಲ್ಲಿ ಕೊಳವೆಗೆ ಕ್ಯಾಮೆರಾ ಜೋಡಿಯಾಗಿ ಕೆಂಪುದೀಪ ದಾಟಿದವರ ಚಿತ್ರ ಸೆರೆಯಾಗತೊಡಗಿತು. 1970ರ ದಶಕದಲ್ಲಿ ಕೊಳವೆಯ ಜಾಗಕ್ಕೆ ರಾಡಾರ್ ಬಂತು.

ಯಂತ್ರ ಸಿದ್ಧವಾದಷ್ಟು ಬೇಗ ಕಾನೂನು ಸಿದ್ಧವಾಗಲಿಲ್ಲ. ಚಿತ್ರದಲ್ಲಿ ಕಾಣುವುದು ನಂಬರ್ ಪ್ಲೇಟ್, ಚಾಲಕನಲ್ಲ; ಹಾಗಿರುವಾಗ ದಂಡ ಯಾರಿಗೆ? ನೆದರ್ಲೆಂಡ್ಸ್ 1989ರ ಕಾಯ್ದೆಯಲ್ಲಿ ಸಣ್ಣ ಸಂಚಾರ ಉಲ್ಲಂಘನೆಗಳನ್ನು ಕ್ರಿಮಿನಲ್ ಮೊಕದ್ದಮೆಯ ವ್ಯಾಪ್ತಿಯಿಂದ ತೆಗೆದು, ವಾಹನದ ನೋಂದಾಯಿತ ಮಾಲೀಕನನ್ನೇ ಹೊಣೆ ಮಾಡಿತು. ಬ್ರಿಟನ್ 1991ರ ರಸ್ತೆ ಸಂಚಾರ ಕಾಯ್ದೆಯಲ್ಲಿ, ಸರ್ಕಾರ ಅನುಮೋದಿಸಿದ ಬಗೆಯ ಯಂತ್ರದ ದಾಖಲೆ ಸಾಕ್ಷ್ಯವಾಗಲು ಅವಕಾಶ ಕೊಟ್ಟಿತು. ಮರುವರ್ಷವೇ ಪಶ್ಚಿಮ ಲಂಡನ್ನಿನ ಟ್ವಿಕನ್‌ಹ್ಯಾಂ ಸೇತುವೆಯ ಮೇಲೆ ಗಾಟ್ಸೊ ಕಣ್ಣು ತೆರೆಯಿತು. ಆ ವೇಳೆಗೆ ಅದರ ಜನಕನಿಗೆ ಎಂಬತ್ತೊಂದು ವರ್ಷ.

ನಮ್ಮಲ್ಲಿ ಆ ಕಾಲ ಕೂಡಿಬಂದದ್ದು 2019ರಲ್ಲಿ, ಮೋಟಾರು ವಾಹನ ಕಾಯ್ದೆಗೆ 136ಎ ಕಲಂ ಸೇರಿದಾಗ. 2021ರ ಆಗಸ್ಟ್‌ನಲ್ಲಿ ಹೊರಬಿದ್ದ ನಿಯಮವನ್ನು ಓದಿದರೆ ಗಾಟ್ಸೊನಿಡೀಸ್‌ನ ಶಿಸ್ತು ನೆನಪಾಗುತ್ತದೆ. ಸಾಧನಕ್ಕೆ ಪ್ರಮಾಣಪತ್ರ ಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಕ್ಯಾಮೆರಾ ಇರುವುದನ್ನು ಫಲಕ ಹಾಕಿ ಮೊದಲೇ ತಿಳಿಸಬೇಕು, ಹದಿನೈದು ದಿನದೊಳಗೆ ನೋಟಿಸು ತಲುಪಿಸಬೇಕು ಎಂದು ಅದು ವಿಧಿಸಿತು. ದಂಡದ ಮೊತ್ತಕ್ಕಿಂತ ಮುಖ್ಯವಾದ ಈ ಷರತ್ತುಗಳ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯಲಿಲ್ಲ ಎನ್ನಬೇಕು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಎಂದೊಡನೆ ಬೆಂಗಳೂರಿಗರು ಸಾಲುಗಟ್ಟಿ ನಿಂತರು. ಆ ಸಾಲಿನಲ್ಲಿ ತನ್ನ ವೇಗವನ್ನು ಅಳೆದ ಯಂತ್ರದ ಪ್ರಮಾಣಪತ್ರ ಕೇಳಿದವರು ಎಷ್ಟು ಮಂದಿಯೋ! ಯಂತ್ರದ ಅಳತೆ ಸರಿಯಾಗಿದ್ದರೆ ಅರ್ಧ ಬಿಡುವುದೇಕೆ, ತಪ್ಪಾಗಿದ್ದರೆ ಅರ್ಧ ಪಡೆಯುವುದೇಕೆ ಎಂಬ ಪ್ರಶ್ನೆಯನ್ನು ಸರ್ಕಾರವೂ ಕೇಳಿಕೊಳ್ಳಲಿಲ್ಲ. ಹಬ್ಬದ ಸೀರೆ ಮಾರಾಟದ ಲೆಕ್ಕದಲ್ಲಿ ದಂಡ ವಸೂಲಿಯಾದರೆ ಕ್ಯಾಮೆರಾ ಖಜಾನೆಯ ಹುಂಡಿಯಾಗಿಯೇ ಜನರ ಕಣ್ಣಿಗೆ ಬೀಳುತ್ತದೆ. ಬೈಗುಳಕ್ಕೆ ಅರ್ಧ ಕಾರಣ ಅದೇ ಎಂದು ನಾನು ನಂಬುತ್ತೇನೆ.

ಗಾಟ್ಸೊನಿಡೀಸ್ ಹೇಮ್‌ಸ್ಟೇಡ್‌ನಲ್ಲೇ, ಎಂಬತ್ತೇಳರ ವಯಸ್ಸಿನಲ್ಲಿ, 1998ರ ನವೆಂಬರ್‌ನಲ್ಲಿ ತೀರಿಕೊಂಡ. ವೇಗದ ಚಪಲ ಕೊನೆಯವರೆಗೂ ಹೋಗಿರಲಿಲ್ಲ. ತನ್ನದೇ ಕ್ಯಾಮೆರಾಗಳಿಗೆ ಹಲವು ಬಾರಿ ಸಿಕ್ಕಿಬಿದ್ದು, ಭಾರಿ ದಂಡದ ನೋಟಿಸುಗಳು ಮನೆಬಾಗಿಲಿಗೆ ಬಂದು ಬೀಳುತ್ತಿದ್ದುದನ್ನು ಆತ ಯಾರಿಂದಲೂ ಮುಚ್ಚಿಡಲಿಲ್ಲ.