ಅಕ್ಷರಗುಂಡಿನ ಮುಂದೆ ನಿಂತ ಅಧಿಕಾರಿ: ಬಿ.ಎಲ್. ರೈಸ್

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಇಂದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ ಹೆಸರು. ಆದರೆ 1892ರವರೆಗೆ ಅಲ್ಲಿನ ಬಂಡೆಯೊಂದನ್ನು ಸುತ್ತಲಿನ ಜನ ಅಕ್ಷರಗುಂಡು ಎಂದು ಕರೆಯುತ್ತಿದ್ದರೇ ವಿನಾ ಆ ಅಕ್ಷರಗಳು ಯಾರವೆಂದು ಬಲ್ಲವರಿರಲಿಲ್ಲ. ಅವು ಮೌರ್ಯ ಚಕ್ರವರ್ತಿ ಅಶೋಕನವು ಎಂದು ಲೋಕಕ್ಕೆ ತಿಳಿಸಿದವರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಎಂದು ಗೌರವಿಸುತ್ತಾರೆ.

ಬೆಂಗಳೂರಿನ ಮಗ

ರೈಸ್ ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್‌ನ ಪಾದ್ರಿ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇವರ ಸಹೋದರ. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ರೈಸ್ 1860ರಲ್ಲಿ ಹುಟ್ಟೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ ದೊರೆಯಿತು.

ಈ ಹುದ್ದೆಯೇ ಅವರ ಬದುಕಿನ ದಿಕ್ಕು ಬದಲಿಸಿತು. ಶಾಲೆಗಳ ತಪಾಸಣೆಗೆ ಕುದುರೆಯ ಮೇಲೆ ಊರೂರು ಸುತ್ತಬೇಕಿತ್ತು. ರೈಲು ಕಾಣದ ಸೀಮೆಗಳಲ್ಲಿ ದಾರಿಯ ಸ್ಥಿತಿ, ಬಿಸಿಲು, ಇರುಳಿನ ತಂಗುದಾಣ, ಇವೇ ದಿನದ ಕೆಲಸವನ್ನು ನಿರ್ಧರಿಸುತ್ತಿದ್ದವು. ತಂಗಿದ ಊರುಗಳಲ್ಲಿ ಜನರು ದೇವಾಲಯದ ಅಂಗಳದ, ಹೊಲದ ಬದುವಿನ ಬರಹದ ಕಲ್ಲುಗಳನ್ನು ತೋರಿಸುತ್ತಿದ್ದರು. ಕಚೇರಿಗಿಂತ ದಾರಿಯೇ ಅವರಿಗೆ ಹೆಚ್ಚು ಕಲಿಸಿತು ಎಂದರೆ ತಪ್ಪಾಗಲಾರದು.

ಛಾಯಾಚಿತ್ರ ಎಂಬ ಹೊಸ ವಿದ್ಯೆ

ಅದೇ ಕಾಲದಲ್ಲಿ ಛಾಯಾಚಿತ್ರಣವೆಂಬ ಹೊಸ ವಿದ್ಯೆ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿತ್ತು. ಮೇಜರ್ ಡಿಕ್ಸನ್ ಸರ್ಕಾರದ ಪರವಾಗಿ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂತು. ಅದರ ಫಲವೇ 1879ರಲ್ಲಿ ಪ್ರಕಟವಾದ ಮೈಸೂರು ಶಾಸನಗಳ ಸಂಕಲನ.

ಛಾಯಾಚಿತ್ರದ ಲಾಭ ದೊಡ್ಡದು. ಕಲ್ಲಿದ್ದಲ್ಲಿಗೆ ಹೋಗದೆಯೂ ಬರಹವನ್ನು ಮೇಜಿನ ಮೇಲಿಟ್ಟು ಪರಿಶೀಲಿಸಬಹುದು. ಆದರೆ ಅದಕ್ಕೂ ಮಿತಿಯಿದೆ. ಕ್ಯಾಮರಾ ಹಿಡಿಯುವುದು ಬೆಳಕು ನೆರಳನ್ನು. ಸವೆದ ಅಕ್ಷರದ ಆಳವನ್ನಲ್ಲ. ಆದುದರಿಂದ ಅಚ್ಚು ತೆಗೆಯುವ ವಿಧಾನ ಅನಿವಾರ್ಯವಾಯಿತು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು, ಅದು ಅಕ್ಷರದ ಗುಳಿಗಳಿಗೆ ಇಳಿದ ಬಳಿಕ ಮಸಿ ಹಚ್ಚಬೇಕು. ಗಾಳಿ ಎದ್ದರೆ ಕಾಗದ ಹರಿಯುತ್ತದೆ, ಬಿಸಿಲೇರಿದರೆ ಬೇಗ ಒಣಗಿ ಕಳಚುತ್ತದೆ. ಹೊಸ ತಂತ್ರ ಬಂದರೂ ಕಲ್ಲಿನ ಬಳಿಗೆ ಹೋಗುವ ಪ್ರಯಾಣ ತಪ್ಪಲಿಲ್ಲ.

ಮೂರು ಬಂಡೆಗಳು

ಆ ಪ್ರಯಾಣ 1892ರಲ್ಲಿ ಫಲ ಕೊಟ್ಟಿತು. ಬ್ರಹ್ಮಗಿರಿ, ಸಮೀಪದ ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಬ್ರಾಹ್ಮೀ ಲಿಪಿಯ ಮೂರು ಶಾಸನಗಳನ್ನು ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯಿದು. ತಂದೆ ತಾಯಿಗಳಿಗೆ ವಿಧೇಯತೆ, ಜೀವದಯೆ, ಸತ್ಯ, ಗುರುಭಕ್ತಿ ಇದರ ಸಾರ. ಲಿಪಿಕಾರ ಚಪಡ ತನ್ನ ವೃತ್ತಿಸೂಚಕ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿರುವುದು ವಿಶೇಷ.

ಮೌರ್ಯರ ಆಡಳಿತ ಕನ್ನಡ ನೆಲದವರೆಗೂ ಹಬ್ಬಿತ್ತು ಎಂಬುದಕ್ಕೆ ಶಿಲೆಯ ಸಾಕ್ಷ್ಯ ದೊರೆತದ್ದು ಹೀಗೆ. ಈ ಸಾಕ್ಷ್ಯ ಎಷ್ಟು ಅಪಾಯದಲ್ಲಿತ್ತು ಎಂಬುದಕ್ಕೆ ಜಟಿಂಗ ರಾಮೇಶ್ವರವೇ ನಿದರ್ಶನ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಕಾರಣ ಬಳೆಗಾರಗುಂಡು ಎಂದೇ ಹೆಸರಾದ ಆ ಬಂಡೆಯ ಬರಹ ಬಹುಮಟ್ಟಿಗೆ ಸವೆದುಹೋಗಿದೆ.

ಹೆಸರಿಲ್ಲದ ಕೈಗಳು

1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಎಪಿಗ್ರಾಫಿಯಾ ಕರ್ನಾಟಿಕಾ ರೈಸ್ ಅವರ ಕಾಲದಲ್ಲೇ 12 ಸಂಪುಟಗಳಿಗೆ ಬೆಳೆಯಿತು. ಅವುಗಳಲ್ಲಿರುವ ಶಾಸನಗಳ ಸಂಖ್ಯೆ 8,869. ಗ್ಯಾಸೆಟಿಯರ್ ರಚನೆ, ಪಂಪನ ಕಾವ್ಯದಂಥ ಹಳಗನ್ನಡ ಕೃತಿಗಳ ಪ್ರಕಟಣೆ ಇದರೊಂದಿಗೆ ಸಾಗಿತು.

ಇಷ್ಟು ಕೆಲಸ ಒಬ್ಬ ವ್ಯಕ್ತಿಯಿಂದ ಸಾಧ್ಯವಿಲ್ಲ. ಬಿಸಿಲಲ್ಲಿ ಅಚ್ಚು ತೆಗೆದವರು, ಹಳಗನ್ನಡ ಮತ್ತು ಸಂಸ್ಕೃತ ಪಾಠಗಳನ್ನು ಬಿಡಿಸಿದ ಪಂಡಿತರು ಈ ಸಂಪುಟಗಳ ಹಿಂದಿದ್ದಾರೆ. 1899ರಲ್ಲಿ ಇಲಾಖೆ ಸೇರಿ, 1906ರಲ್ಲಿ ರೈಸ್ ನಿವೃತ್ತರಾದಾಗ ಅದರ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರಂತೆ ಅವರೆಲ್ಲರ ಹೆಸರು ಜನಮನದಲ್ಲಿ ಉಳಿಯಲಿಲ್ಲ. ರೈಸ್ ಅವರನ್ನು ಸ್ಮರಿಸುವಾಗ ಈ ಋಣವನ್ನೂ ಸ್ಮರಿಸುವುದು ನ್ಯಾಯ.

ನಿವೃತ್ತಿಯ ನಂತರ ಇಂಗ್ಲೆಂಡಿಗೆ ತೆರಳಿದ ರೈಸ್, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ರ ಜುಲೈನಲ್ಲಿ ಹ್ಯಾರೋದಲ್ಲಿ ನಿಧನರಾದರು. ಅವರು ತೋರಿದ ಜಾಡಿನಲ್ಲೇ 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು.

ಇಂದು ಮೂರು ಆಯಾಮದ ಸ್ಕ್ಯಾನಿಂಗ್ ಬಂದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರ ಪರಿಸರದ ಶಾಸನಗಳನ್ನು ಈ ವಿಧಾನದಿಂದ ದಾಖಲಿಸುವ ಕಾರ್ಯವನ್ನು ಕೈಗೆತ್ತಿಕೊಂಡಿದೆ. ಬರಿಗಣ್ಣಿಗೆ ಕಾಣದ ಗೆರೆಯನ್ನೂ ಯಂತ್ರ ಎತ್ತಿ ತೋರಬಲ್ಲದು. ಆದರೆ ಒಡೆದು ಚಪ್ಪಡಿಯಾದ, ರಸ್ತೆಯಡಿ ಹೂತುಹೋದ ಕಲ್ಲನ್ನು ಯಾವ ಯಂತ್ರವೂ ಓದಲಾರದು. ಅಂಥ ಕಲ್ಲುಗಳು ಕಣ್ಮರೆಯಾಗಿದ್ದರೂ ಅವುಗಳ ಬರಹ ರೈಸ್ ಸಂಪುಟಗಳಲ್ಲಿ ಉಳಿದಿದ್ದರೆ, ಯಾರೋ ಸಕಾಲದಲ್ಲಿ ಅಲ್ಲಿಗೆ ಹೋಗಿದ್ದರು ಎಂಬುದೇ ಅದಕ್ಕೆ ಕಾರಣ.