ಹಕ್ಕಿ ಕಾಲಿನ ಉಂಗುರ

ಚಳಿಗಾಲದಲ್ಲಿ ತುರುವೇಕೆರೆ ಹತ್ತಿರದ ಮಲ್ಲಾಘಟ್ಟ ಕೆರೆ ಏರಿ ಮೇಲೆ ನಿಂತರೆ ನೀರಿನ ಮಧ್ಯೆ ಬಾತುಗಳು ಚುಕ್ಕಿ ಚುಕ್ಕಿಯಾಗಿ ಕಾಣ್ತವೆ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರು ನಾವು, ತೆಂಗಿನಮರದ ಮೇಲಿರೋ ಗಮನ ಕೆರೆ ಮೇಲೆ ಇರಲ್ಲ. ಆದರೂ ಈ ಹಕ್ಕಿ ಎಲ್ಲಿಂದ ಬಂತು ಅಂತ ಯಾರನ್ನಾದರೂ ಕೇಳಿ, ಸೈಬೀರಿಯಾದಿಂದ ಅಂತಾರೆ. ಅದು ಗೊತ್ತಾಗಿದ್ದು ಹೇಗೆ? ಯಾರಾದರೂ ಹಿಂದೆನೇ ಹೋಗಿ ನೋಡ್ಕೊಂಡು ಬಂದ್ರಾ? ಹುಡುಕುತ್ತಾ ಹೋದರೆ ಸಲೀಂ ಅಲಿ ಅವರ ಹೆಸರು ಬರುತ್ತೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ. ಮಾವನಿಗೆ ಬೇಟೆ ಅಂದರೆ ಪ್ರಾಣ, ಹುಡುಗನಿಗೂ ಏರ್‌ಗನ್ ಸಿಕ್ಕಿತು. ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹೆಸರು ಹೇಳಿದ್ದಲ್ಲದೆ, ಕಪಾಟು ತೆಗೆದು ಸಾಲು ಸಾಲು ಹಕ್ಕಿಗಳ ಸಂಗ್ರಹ ತೋರಿಸಿದರು. ಹುಡುಗ ಅಲ್ಲಿಗೇ ಅಂಟಿಕೊಂಡ.

ಡಿಗ್ರಿ ವಿಷಯದಲ್ಲಿ ಮಾತ್ರ ಅವರ ಕಥೆ ಸರಿ ಹೋಗಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಬರ್ಮಾದಲ್ಲಿ ಮನೆಯವರ ಗಣಿ ವ್ಯವಹಾರ ನೋಡೋಕೆ ಹೋದರು, ಅಲ್ಲೂ ಹಕ್ಕಿ ಹಿಂದೆನೇ ಸುತ್ತಿದರು. ವಾಪಸ್ ಬಂದ ಮೇಲೆ ಝುವಾಲಾಜಿಕಲ್ ಸರ್ವೆಯಲ್ಲಿ ಕೆಲಸ ಸಿಗಲಿಲ್ಲ, ಕಾರಣ ಡಿಗ್ರಿ ಇಲ್ಲ. (ಬ್ಯಾಕ್‌ಲಾಗ್ ಇರೋ ಗೆಳೆಯರು ಇದನ್ನ ಅಪ್ಪನಿಗೆ ತೋರಿಸಬೇಡಿ, ಮುಂದಿನದ್ದನ್ನೂ ಓದಿ.) 1929ರಲ್ಲಿ ಬರ್ಲಿನ್‌ಗೆ ಹೋಗಿ ಸ್ಟ್ರೆಸೆಮನ್ ಅನ್ನೋ ದೊಡ್ಡ ಪಕ್ಷಿವಿಜ್ಞಾನಿ ಹತ್ತಿರ ಕಲಿತರು. ಹೆಲಿಗೋಲ್ಯಾಂಡ್ ಅನ್ನೋ ದ್ವೀಪದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಿ ಬಿಡೋದನ್ನು ಕಲಿತಿದ್ದೂ ಆಗಲೇ.

ಉಂಗುರ ಅಂದರೆ ಹಗುರವಾದ ಅಲ್ಯೂಮಿನಿಯಂ ಪಟ್ಟಿ. ಅದರ ಮೇಲೆ ಒಂದು ನಂಬರು, ಒಂದು ವಿಳಾಸ, ಅಷ್ಟೇ. ನಮ್ಮ ಡೇಟಾಬೇಸ್ ಕ್ಲಾಸಿನ ಪ್ರೈಮರಿ ಕೀ ಇದ್ದ ಹಾಗೆ, ಒಂದು ಹಕ್ಕಿಗೆ ಒಂದೇ ನಂಬರು. ಡೆನ್ಮಾರ್ಕಿನ ಮೋರ್ಟೆನ್ಸನ್ ಅನ್ನೋ ಮೇಷ್ಟ್ರು 1899ರಲ್ಲಿ ಇದನ್ನು ಕ್ರಮವಾಗಿ ಶುರು ಮಾಡಿದರು. ಉಂಗುರ ಹಾಕಿದ ಜಾಗ, ದಿನಾಂಕ ಪುಸ್ತಕದಲ್ಲಿ ಇರುತ್ತೆ. ಆ ಹಕ್ಕಿ ಇನ್ನೊಂದು ಕಡೆ ಸಿಕ್ಕಿ, ಸಿಕ್ಕವರು ನಂಬರು ಬರೆದು ಕಳಿಸಿದರೆ ಎರಡನೇ ಬಿಂದು ಸಿಗುತ್ತೆ. ಮಧ್ಯದ ದಾರಿ ಗೊತ್ತಾಗಲ್ಲ. ಆದರೆ ಬಾತು ಸಾಮಾನ್ಯವಾಗಿ ಕೈಗೆ ಸಿಗೋದು ಯಾರಿಗೆ? ಬೇಟೆಗಾರನಿಗೆ. ಅಂದರೆ ಹಕ್ಕಿ ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಹೆಚ್ಚಾಗಿ ಅದು ಸಾಯಬೇಕಿತ್ತು. ನನಗೆ ಇದು ಓದಿದಾಗ ಕಸಿವಿಸಿ ಆಯ್ತು.

ಸಲೀಂ ಅಲಿ ಅವರಿಗೆ ಆ ಕಸಿವಿಸಿ ಅಷ್ಟಾಗಿ ಇರಲಿಲ್ಲ. ಅಧ್ಯಯನಕ್ಕೆ ಅಂತ ಅವರೇ ಸಾಕಷ್ಟು ಹಕ್ಕಿ ಹೊಡೆದಿದ್ದಾರೆ. 1939ರಲ್ಲಿ ಹೆಂಡತಿ ತೆಹ್ಮೀನಾ ಒಂದು ಸಣ್ಣ ಆಪರೇಷನ್ ಆದ ಮೇಲೆ ತೀರಿಕೊಂಡರು. ಕ್ಯಾಂಪಿಗೆಲ್ಲಾ ಜೊತೆಗೆ ಬರುತ್ತಿದ್ದವರು ಅವರು. ಅದಾಗಿ ಕೆಲವೇ ತಿಂಗಳಿಗೆ ಶುರುವಾಗಿದ್ದು ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ. ರಂಗನತಿಟ್ಟಿನ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿ ಅಂತ ಅರಸರನ್ನು ಒಪ್ಪಿಸಿದ್ದು 1940ರಲ್ಲಿ.

ಆಗಿನ ಬಾತು ಬೇಟೆ ಅಂದರೆ ಎಷ್ಟು ಅಂತ ಅಂದಾಜಿಗೆ ಭರತಪುರ ನೋಡಿ. 1938ರ ನವೆಂಬರ್ 12, ಸಲೀಂ ಅಲಿ ಅವರ 42ನೇ ಹುಟ್ಟುಹಬ್ಬ. ಅದೇ ದಿನ ವೈಸರಾಯ್ ಲಿನ್ಲಿತ್‌ಗೋ ಅವರ ತಂಡ ಅಲ್ಲಿ ಹೊಡೆದದ್ದು 4,273 ಹಕ್ಕಿ. ಸ್ವಾತಂತ್ರ್ಯ ಬಂದ ಮೇಲೆ ಆ ಜೌಗನ್ನು ಒಣಗಿಸಿ ಹೊಲ ಮಾಡಬೇಕು ಅಂತ ಬೇಡಿಕೆ ಬಂದಾಗ ನೆಹರೂ ತನಕ ಹೋಗಿ ಉಳಿಸಿಕೊಂಡವರು ಇವರೇ.

ದೊಡ್ಡ ಮಟ್ಟದಲ್ಲಿ ಉಂಗುರ ಹಾಕೋಕೆ ಮಾತ್ರ ದುಡ್ಡಿರಲಿಲ್ಲ. ದುಡ್ಡು ಬಂದಿದ್ದು ನಮ್ಮ ಮಲೆನಾಡಿನ ಕಷ್ಟದಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರೂ ಜ್ವರ ಬಂದು ಸತ್ತರು. ಮಂಗನ ಕಾಯಿಲೆ. ಅದರ ವೈರಸ್ ರಷ್ಯಾದ ಒಂದು ವೈರಸ್‌ಗೆ ಹತ್ತಿರದ್ದು ಅಂತ ಗೊತ್ತಾದಾಗ ಅನುಮಾನ ವಲಸೆ ಹಕ್ಕಿಗಳ ಮೇಲೆ ಹೋಯಿತು. ಉಣ್ಣೆ ಹೊತ್ತು ತಂದವೇ? ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಆಗ ಸಲೀಂ ಅಲಿ ಅರವತ್ತು ದಾಟಿದ್ದರು. ಕಛ್‌ನಲ್ಲಿ, ಭರತಪುರದಲ್ಲಿ ಕ್ಯಾಂಪ್ ಹಾಕಿದರು. ಹಕ್ಕಿ ಹಿಡಿಯೋಕೆ ಬಂದವರು ಬಿಹಾರದ ಮೀರ್‌ಶಿಕಾರಿಗಳು, ತಲೆಮಾರಿನಿಂದ ಹಕ್ಕಿ ಹಿಡಿದು ಮಾರಿ ಬದುಕಿದ ಜನ. ಅವರ ಕೈಚಳಕದಲ್ಲಿ ಹಕ್ಕಿಗೆ ಒಂದು ಗರಿ ಮುರಿಯದೆ ಕೆಲಸ ಆಗುತ್ತಿತ್ತು. ಉಂಗುರ ಹಾಕಿ, ಮೈಮೇಲಿನ ಉಣ್ಣೆ ಆರಿಸಿ, ರಕ್ತದ ಹನಿ ತೆಗೆದು ಬಿಡೋದು.

ಭರತಪುರದಲ್ಲಿ ಬಿಟ್ಟ ಬಾತುಗಳ ಉಂಗುರ ಕಝಾಕಿಸ್ತಾನದಿಂದ, ಸೈಬೀರಿಯಾದಿಂದ ಪತ್ರದ ಮೂಲಕ ಬರತೊಡಗಿದವು. ಹೆಚ್ಚಿನವು ಅಲ್ಲಿನ ಬೇಟೆಗಾರರು ಕಳಿಸಿದ್ದು. ನಾವು ಇವತ್ತು ಸುಲಭವಾಗಿ ಸೈಬೀರಿಯಾ ಅನ್ನೋದು ಹೀಗೆ ಗುಂಡೇಟು ತಿಂದ ಬಾತುಗಳ ಕಾಲಿನಿಂದ ಬಂದ ಮಾತು. ಮಂಗನ ಕಾಯಿಲೆ ಹಕ್ಕಿಗಳೇ ತಂದವು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಅದು ನಮ್ಮ ಕಾಡಿನ ಉಣ್ಣೆಗಳಲ್ಲೇ ಸುತ್ತುತ್ತಿತ್ತು.

ಮುಂದೆ ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗದ ಹಣವೂ ಸೇರಿತು. ಇದು ಹಕ್ಕಿ ಮೂಲಕ ರೋಗ ಹರಡೋ ಯುದ್ಧದ ಪ್ರಯೋಗ ಇರಬಹುದಾ ಅಂತ 1970ರ ದಶಕದಲ್ಲಿ ಗದ್ದಲ ಎದ್ದು ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತನಕ ಹೋಯಿತು. ಅಷ್ಟು ವಯಸ್ಸಿನಲ್ಲಿ ಆ ಅನುಮಾನ ಹೊರಬೇಕಾಗಿದ್ದು ಅವರಿಗೆ ಸಣ್ಣ ನೋವಲ್ಲ ಅನ್ಸುತ್ತೆ. ಆದರೆ ಹಣ ಯಾರದು ಅಂತ ಕೇಳಿದ್ದೂ ತಪ್ಪಲ್ಲ.

1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆ. 1987ರ ಜೂನ್ 20ರಂದು ತೀರಿಕೊಂಡರು.

ಈಗ ಮಂಗೋಲಿಯಾದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ, ನಂಬರು ಬರೆದ ಪಟ್ಟಿ ಹಾಕಿ ಬಿಡ್ತಾರೆ. ಮೈಸೂರು ಹತ್ತಿರದ ಹದಿನಾರು ಕೆರೆಯಲ್ಲಿ ಅಂಥವನ್ನು ದಡದಿಂದಲೇ ಓದಿದ್ದಾರೆ, ಕೋವಿ ಬೇಕಾಗಿಲ್ಲ. ಮಲ್ಲಾಘಟ್ಟದಲ್ಲಿ ನಾನೂ ಒಮ್ಮೆ ಬೈನಾಕ್ಯುಲರ್ ಹಿಡಿದು ಬಾತುಗಳ ಕಾಲು ಹುಡುಕಿದೆ. ಒಂದು ಗಂಟೆ ಆದಮೇಲೆ ಹೊಳೆಯಿತು, ಈಜೋ ಬಾತಿನ ಕಾಲು ನೀರೊಳಗಿರುತ್ತೆ.